ದುಡಿಯುವ ಜನ, ಬಿಡದ ಬಡತನ: ಫಿಲಿಪ್ಪೀನ್ಸ್ ಸಮಾಜದ ತೊಡಕುಗಳ ಮೂಲ ಎಲ್ಲಿದೆ?

ಪ್ರಶ್ನೆ: ತೀರದಾಚೆ

ಕೊಲ್ಲಿ ರಾಷ್ಟ್ರವೊಂದರ ಆಸ್ಪತ್ರೆಯ ಆಡಳಿತ ವಿಭಾಗದಲ್ಲಿರುವ ನನಗೆ ಫಿಲಿಪಿನೋ ದಾದಿಯರು ಮತ್ತು ಪ್ರಯೋಗಾಲಯ ತಂತ್ರಜ್ಞರೊಡನೆ ನಿತ್ಯವೂ ಒಡನಾಟವಿದೆ. ಅವರ ಶ್ರದ್ಧೆ, ರೋಗಿಗಳೊಡನೆ ಅವರು ತೋರುವ ತಾಳ್ಮೆ, ಸಂಬಳ ಕೈಸೇರಿದ ದಿನವೇ ಅದರ ಹೆಚ್ಚಿನ ಪಾಲನ್ನು ಊರಿಗೆ ಕಳುಹಿಸುವ ಅವರ ಕ್ರಮ ಇವೆಲ್ಲವನ್ನೂ ಹತ್ತಿರದಿಂದ ಕಂಡಿದ್ದೇನೆ. ಹೊರನಾಡಿನಲ್ಲಿ ದುಡಿಯುವ ಫಿಲಿಪಿನೋಗಳು 2024ರಲ್ಲಿ ಬ್ಯಾಂಕುಗಳ ಮೂಲಕ ತಾಯ್ನಾಡಿಗೆ ಕಳುಹಿಸಿದ ಹಣ ಸುಮಾರು 3,400 ಕೋಟಿ ಡಾಲರಿಗೂ ಮೀರಿದ್ದು ಎಂದು ಅಲ್ಲಿಯ ಕೇಂದ್ರ ಬ್ಯಾಂಕಿನ ಲೆಕ್ಕ ಹೇಳುತ್ತದೆ. ಓದು ಬಲ್ಲ ಜನ, ಇಂಗ್ಲಿಷ್ ಬಲ್ಲ ಜನ, ಮತ ಹಾಕುವ ಹಕ್ಕನ್ನು ಉತ್ಸಾಹದಿಂದ ಚಲಾಯಿಸುವ ಜನ. ಇಷ್ಟಿದ್ದೂ ಊರಿನಲ್ಲಿಯೇ ನೆಮ್ಮದಿಯಿಂದ ಬಾಳುವ ಅವಕಾಶ ಅವರಿಗೆ ಏಕೆ ದೊರೆಯುತ್ತಿಲ್ಲ?

ನನ್ನ ಪರಿಚಿತರಲ್ಲಿ ಕೆಲವರು ಇದನ್ನು ಆ ಜನರ ಸ್ವಭಾವಕ್ಕೆ ಕಟ್ಟುತ್ತಾರೆ. ಬಂದದ್ದು ಬರಲಿ ಎಂಬ ಮನೋಭಾವ, ಅತಿಯಾದ ಧಾರ್ಮಿಕತೆ, ನೆಂಟರಿಷ್ಟರ ಹೊರೆ ಎಂದೆಲ್ಲ ಹೇಳುತ್ತಾರೆ. ಇನ್ನು ಕೆಲವರು ಭ್ರಷ್ಟಾಚಾರ ಎಂಬ ಒಂದೇ ಪದದಲ್ಲಿ ಮಾತು ಮುಗಿಸುತ್ತಾರೆ. ಎರಡೂ ನನಗೆ ಒಪ್ಪಿಗೆಯಾಗಿಲ್ಲ. ಆ ದೇಶದ ಚರಿತ್ರೆಯನ್ನು ಓದಿದವರು, ಅಲ್ಲಿ ಬಾಳಿದವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಕೆಲವೇ ಕುಟುಂಬಗಳನ್ನು ಜನರು ಮತ್ತೆ ಮತ್ತೆ ಏಕೆ ಗೆಲ್ಲಿಸುತ್ತಾರೆ ಎಂಬುದನ್ನೂ, ವಲಸೆ ಅಲ್ಲಿಯ ಸಮಸ್ಯೆಗಳ ಕಾರಣವೋ ಪರಿಣಾಮವೋ ಎಂಬುದನ್ನೂ ಮುಖ್ಯವಾಗಿ ತಿಳಿಯಬೇಕಾಗಿದೆ.

ಪ್ರತಿಕ್ರಿಯೆ: ಹಳೆಯ ಕಡತ

ಸ್ವಭಾವದ ಮಾತನ್ನು ಮೊದಲು ಪಕ್ಕಕ್ಕಿಡೋಣ. ಫಿಲಿಪಿನೋಗಳು ಸೋಮಾರಿಗಳು ಎಂಬ ಆರೋಪವನ್ನು ಸ್ಪೇನಿನ ಅಧಿಕಾರಿಗಳೂ ಪಾದ್ರಿಗಳೂ ಮಾಡುತ್ತಿದ್ದ ಕಾಲದಲ್ಲಿಯೇ, ಅಂದರೆ 1890ರಲ್ಲಿ, ಆ ದೇಶದ ರಾಷ್ಟ್ರವೀರರೆನಿಸಿದ ಲೇಖಕ ಹೊಸೆ ರಿಸಾಲ್ ಅದಕ್ಕೆ ದೀರ್ಘವಾದ ಉತ್ತರ ಬರೆದರು. ದುಡಿದದ್ದು ತನ್ನದಾಗುವುದಿಲ್ಲ ಎಂದು ತಿಳಿದವನು ದುಡಿಯಲು ಹಿಂಜರಿದರೆ ಅದು ಆಳ್ವಿಕೆಯ ಫಲವೇ ಹೊರತು ಹುಟ್ಟುಗುಣವಲ್ಲ ಎಂಬುದು ಅವರ ವಾದದ ತಿರುಳು. ಆರು ವರ್ಷಗಳ ನಂತರ, 1896ರ ಡಿಸೆಂಬರ್ 30ರಂದು, ವಸಾಹತು ಸರ್ಕಾರ ಅವರನ್ನು ಮನಿಲಾದಲ್ಲಿ ಗುಂಡಿಟ್ಟು ಕೊಂದಿತು.

ನನ್ನ ದೃಷ್ಟಿಯಲ್ಲಿ ಎಲ್ಲವೂ ಆರಂಭವಾಗುವುದು ಭೂಮಿಯಿಂದ. ಸ್ಪೇನಿನ ಮುನ್ನೂರಕ್ಕೂ ಹೆಚ್ಚು ವರ್ಷಗಳ ಆಳ್ವಿಕೆಯಲ್ಲಿ ಲೂಸೋನ್ ದ್ವೀಪದ ಫಲವತ್ತಾದ ಬಯಲುಗಳ ದೊಡ್ಡ ಭಾಗ ಕ್ರೈಸ್ತ ಸನ್ಯಾಸಿ ಸಂಘಗಳ ವಶವಾಗಿತ್ತು. 1898ರಲ್ಲಿ ಅಮೆರಿಕವು ಎರಡು ಕೋಟಿ ಡಾಲರ್ ಕೊಟ್ಟು ಸ್ಪೇನಿನಿಂದ ಈ ದ್ವೀಪಗಳನ್ನು ಪಡೆದುಕೊಂಡಿತು. ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಫಿಲಿಪಿನೋಗಳನ್ನು ಯುದ್ಧದಲ್ಲಿ ಹತ್ತಿಕ್ಕಿತು. ಹೊಸ ಆಡಳಿತ 1903ರಲ್ಲಿ ಸುಮಾರು 72 ಲಕ್ಷ ಡಾಲರಿಗೆ ಸನ್ಯಾಸಿ ಸಂಘಗಳ ಜಮೀನುಗಳನ್ನು ಕೊಂಡು ಮಾರಾಟಕ್ಕಿಟ್ಟಿತು. ಗೇಣಿದಾರರಿಗೆ ಭೂಮಿ ಸಿಗಬೇಕೆಂಬುದು ಘೋಷಿತ ಉದ್ದೇಶವಾಗಿದ್ದರೂ, ಕಂತು ಕಟ್ಟುವ ಶಕ್ತಿಯಿದ್ದವರು ಆಗಲೇ ಅನುಕೂಲಸ್ಥರಾಗಿದ್ದವರು. ಹೀಗೆ ಒಡೆತನ ಬದಲಾಯಿತು, ಉಳುವವನ ಸ್ಥಿತಿ ಬದಲಾಗಲಿಲ್ಲ. 1907ರಲ್ಲಿ ಮೊದಲ ಶಾಸನಸಭೆಗೆ ಚುನಾವಣೆ ನಡೆದಾಗ ಮತದಾನದ ಹಕ್ಕಿದ್ದದ್ದು ಆಸ್ತಿವಂತರಿಗೆ, ಹಿಂದೆ ಅಧಿಕಾರ ಸ್ಥಾನದಲ್ಲಿದ್ದವರಿಗೆ, ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಬಲ್ಲವರಿಗೆ ಮಾತ್ರ. ಭೂಮಿ ಹಿಡಿದಿದ್ದ ಕುಟುಂಬಗಳೇ ಸಭೆಯನ್ನೂ ಹಿಡಿದವು. ಈ ಎರಡು ಹಿಡಿತಗಳು ಒಂದೇ ಕೈಯಲ್ಲಿ ಸೇರಿದ್ದು ಆ ದೇಶದ ಮುಂದಿನ ನೂರು ವರ್ಷಗಳ ಗತಿಯನ್ನು ನಿರ್ಧರಿಸಿತು.

ಒಂದು ಉದಾಹರಣೆ ಸಾಕು. ತಾರ್ಲಾಕ್ ಪ್ರಾಂತ್ಯದ ಹಸಿಯೆಂಡಾ ಲುಯಿಸಿತಾ ಎಂಬ ಕಬ್ಬಿನ ಎಸ್ಟೇಟು ಕೊಹುವಾಂಕೊ ಕುಟುಂಬದ್ದಾಗಿತ್ತು. ಅಧ್ಯಕ್ಷ ಫರ್ಡಿನೆಂಡ್ ಮಾರ್ಕೋಸ್ ಅವರನ್ನು ಕೆಳಗಿಳಿಸಿದ 1986ರ ಜನಾಂದೋಲನದ ನಂತರ ಅಧ್ಯಕ್ಷರಾದ ಕೊರಾಜಾನ್ ಅಕಿನೊ ಆ ಕುಟುಂಬದ ಮಗಳು. ಅವರ ಕಾಲದಲ್ಲಿಯೇ, 1988ರಲ್ಲಿ, ಸಮಗ್ರ ಭೂಸುಧಾರಣಾ ಕಾನೂನು ಬಂದಿತು. ಆದರೆ ಭೂಮಿಯ ಬದಲು ಕಂಪನಿಯ ಷೇರು ಹಂಚಿದರೂ ಸಾಕೆಂಬ ಅವಕಾಶ ಅದರಲ್ಲಿತ್ತು, ಲುಯಿಸಿತಾ ಆ ದಾರಿಯನ್ನೇ ಹಿಡಿಯಿತು. ಷೇರುದಾರರೆನಿಸಿಕೊಂಡ ಕೂಲಿಗಳಿಗೆ ವಾರಕ್ಕೆ ಕೆಲವೇ ದಿನಗಳ ಕೆಲಸ ಉಳಿಯಿತು. 2004ರ ನವೆಂಬರಿನಲ್ಲಿ ಮುಷ್ಕರ ನಿರತರ ಮೇಲೆ ಗುಂಡು ಹಾರಿಸಿದಾಗ ಏಳು ಮಂದಿ ಸತ್ತರು. ಭೂಮಿಯನ್ನು ಹಂಚಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ ಅಂತಿಮವಾಗಿ ಹೇಳಿದ್ದು 2012ರಲ್ಲಿ. ಕಾನೂನು ಬಂದು ಇಪ್ಪತ್ತನಾಲ್ಕು ವರ್ಷಗಳಾಗಿದ್ದವು, ಒಂದು ತಲೆಮಾರೇ ಕಾಯುತ್ತ ಮುದಿಯಾಗಿತ್ತು.

ಇಂತಹ ಊರಿನ ಮಕ್ಕಳು ಮನಿಲಾಕ್ಕೆ ಹೋಗುತ್ತಾರೆ, ಮನಿಲಾದಿಂದ ಕೊಲ್ಲಿಗೆ ಹೋಗುತ್ತಾರೆ. ತಮ್ಮ ಆಸ್ಪತ್ರೆಯ ದಾದಿಯರಲ್ಲಿ ಎಷ್ಟು ಜನರ ಅಜ್ಜಂದಿರು ಗೇಣಿದಾರರಾಗಿದ್ದರು ಎಂದು ಒಮ್ಮೆ ಕೇಳಿ ನೋಡಿ.

ಪ್ರತಿಕ್ರಿಯೆ: ರಾತ್ರಿಪಾಳಿ

ಹಳೆಯ ಕಡತ ಅವರು ಬರೆದುದಕ್ಕೆ ನನ್ನ ಸಹಮತವಿದೆ. ಆದರೆ ಕುಟುಂಬಗಳನ್ನು ಜನ ಏಕೆ ಗೆಲ್ಲಿಸುತ್ತಾರೆ ಎಂಬ ಪ್ರಶ್ನೆಗೆ ಚರಿತ್ರೆಗಿಂತ ಇಂದಿನ ಆಸ್ಪತ್ರೆಯ ಬಿಲ್ಲು ಚೆನ್ನಾಗಿ ಉತ್ತರಿಸುತ್ತದೆ. ನಾನು ಮೆಟ್ರೊ ಮನಿಲಾದ ಕಾಲ್ ಸೆಂಟರ್ ಸಂಸ್ಥೆಯೊಂದರಲ್ಲಿ ಕೆಲವು ಕಾಲ ತರಬೇತುದಾರನಾಗಿದ್ದೆ. ನಮ್ಮ ತಂಡದ ಹುಡುಗಿಯೊಬ್ಬಳ ತಂದೆಗೆ ಪಾರ್ಶ್ವವಾಯು ಬಡಿದಾಗ ಆಕೆ ಮಾಡಿದ ಓಡಾಟವನ್ನು ಕಣ್ಣಾರೆ ಕಂಡೆ. ಆರೋಗ್ಯ ವಿಮೆ ಬಿಲ್ಲಿನ ಒಂದು ಭಾಗವನ್ನಷ್ಟೇ ಭರಿಸಿತು. ಉಳಿದದ್ದಕ್ಕಾಗಿ ಬಿಲ್ಲು, ವೈದ್ಯರ ಪ್ರಮಾಣಪತ್ರ, ವಾರ್ಡ್ ಮಟ್ಟದ ಆಡಳಿತವಾದ ಬರಂಗಾಯಿಯಿಂದ ಪಡೆದ ಬಡತನದ ದೃಢೀಕರಣ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಆಕೆ ಮೊದಲು ಸಂಸತ್ ಸದಸ್ಯರ ಕಚೇರಿಗೆ, ಅಲ್ಲಿಂದ ಮೇಯರ್ ಕಚೇರಿಗೆ, ಅಲ್ಲಿಂದ ಒಬ್ಬ ಸೆನೆಟರ್ ಕಚೇರಿಗೆ ಅಲೆದಳು. ಪ್ರತಿ ಕಚೇರಿಯಲ್ಲಿಯೂ ಬೆಳಗಿನ ಜಾವದಿಂದಲೇ ಸರದಿ ನಿಂತಿರುತ್ತಿತ್ತು. ಇಷ್ಟು ಪೆಸೊಗಳನ್ನು ನಾವು ಭರಿಸುತ್ತೇವೆ ಎಂದು ಆಸ್ಪತ್ರೆಗೆ ಬರೆದುಕೊಡುವ ಪತ್ರಕ್ಕೆ ಅಲ್ಲಿ ಗ್ಯಾರಂಟಿ ಲೆಟರ್ ಎನ್ನುತ್ತಾರೆ. ಆ ಹಣ ಸರ್ಕಾರದ ಬಜೆಟ್ಟಿನದು, ಜನರ ತೆರಿಗೆಯದು. ಆದರೆ ಪತ್ರದ ಮೇಲಿರುವುದು ರಾಜಕಾರಣಿಯ ಸಹಿ.

ಅಪ್ಪನ ಪ್ರಾಣ ಉಳಿಸಿದ ಸಹಿಯನ್ನು ಮಗಳು ಮರೆಯುವುದಿಲ್ಲ. ಉಪಕಾರ ಸ್ಮರಣೆಗೆ ಫಿಲಿಪಿನೋಗಳು ಕೊಡುವ ಬೆಲೆ ಬಹಳ ದೊಡ್ಡದು, ಅದು ಅವರ ಸದ್ಗುಣವೇ. ದೋಷವಿರುವುದು ಹಕ್ಕಾಗಿ ಸಿಗಬೇಕಾದುದನ್ನು ಉಪಕಾರವನ್ನಾಗಿ ಮಾಡಿದ ವ್ಯವಸ್ಥೆಯಲ್ಲಿ. ಆದುದರಿಂದ ಬಡವರು ಬುದ್ಧಿಯಿಲ್ಲದೆ ಮತ ಹಾಕುತ್ತಾರೆ ಎಂದು ಮನಿಲಾದ ಸಿರಿವಂತರು ಹೇಳಿದಾಗ ನನಗೆ ನೋವಾಗುತ್ತಿತ್ತು. ಆಕೆಯ ಸ್ಥಾನದಲ್ಲಿ ನಿಂತು ನೋಡಿದರೆ ಆ ಮತ ಪೂರ್ಣವಾಗಿ ವಿವೇಕದ ಮತ. ಆರೋಗ್ಯ ಇಲಾಖೆಯ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲಿ ರೋಗಿಯಿಂದ ಹಣ ಪಡೆಯುವುದಿಲ್ಲವೆಂದು ಸರ್ಕಾರ 2025ರ ಜುಲೈಯಲ್ಲಿ ಘೋಷಿಸಿದೆ. ಅದು ನಿಜವಾಗಿ, ಎಲ್ಲ ಕಡೆಯೂ ಜಾರಿಯಾದರೆ ಅದಕ್ಕಿಂತ ದೊಡ್ಡ ರಾಜಕೀಯ ಸುಧಾರಣೆ ಬೇರೊಂದಿಲ್ಲವೆಂದು ನಾನು ನಂಬುತ್ತೇನೆ.

ಕೆಲಸದ ವಿಚಾರವನ್ನೂ ಹೇಳಬೇಕು. ಆರು ತಿಂಗಳು ದುಡಿದ ನೌಕರನನ್ನು ಕಾಯಂ ಎಂದು ಪರಿಗಣಿಸಬೇಕೆಂದು ಅಲ್ಲಿಯ ಕಾರ್ಮಿಕ ಕಾನೂನು ಹೇಳುವುದರಿಂದ, ಮಾಲ್‌ಗಳೂ ಕಾರ್ಖಾನೆಗಳೂ ಐದು ತಿಂಗಳಿಗೇ ಗುತ್ತಿಗೆ ಮುಗಿಸಿ ಹೊಸಬರನ್ನು ತೆಗೆದುಕೊಳ್ಳುವ ಪರಿಪಾಠ ಬೆಳೆದಿದೆ. ‘ಎಂಡೊ’ ಎಂದು ಎಲ್ಲರೂ ಕರೆಯುವ ಈ ಪದ್ಧತಿಯನ್ನು ನಿಲ್ಲಿಸುವೆನೆಂದು ಮಾತು ಕೊಟ್ಟು ಅಧ್ಯಕ್ಷ ಸ್ಥಾನ ಗೆದ್ದ ರೊಡ್ರಿಗೊ ಡುಟೆರ್ಟೆ, ಅದಕ್ಕಾಗಿ ಸಂಸತ್ತು ಅಂಗೀಕರಿಸಿದ ಮಸೂದೆಯನ್ನು 2019ರಲ್ಲಿ ತಾವೇ ತಿರಸ್ಕರಿಸಿದರು. ಮೆಟ್ರೊ ಮನಿಲಾದಲ್ಲಿ 2025ರ ಜುಲೈಯಿಂದ ದಿನದ ಕನಿಷ್ಠ ಕೂಲಿ 695 ಪೆಸೊ; ಪ್ರಾಂತ್ಯಗಳಲ್ಲಿ ಇದಕ್ಕಿಂತ ಕಡಿಮೆ. ಐದು ತಿಂಗಳ ಆಚೆ ಏನೆಂದು ತಿಳಿಯದವರು ತಿಂಗಳ ಸಾಮಾನನ್ನು ಒಟ್ಟಿಗೆ ಕೊಳ್ಳಲಾರರು. ನನ್ನ ಬಾಡಿಗೆ ಮನೆಯ ಕೆಳಗಿದ್ದ ಸಾರಿ-ಸಾರಿ ಎಂಬ ಪುಟ್ಟ ಚಿಲ್ಲರೆ ಅಂಗಡಿಯ ಕಬ್ಬಿಣದ ಜಾಲರಿಯ ಹಿಂದೆ ಒಂದು ಸಲಕ್ಕಾಗುವ ಶಾಂಪೂ, ಒಂದು ಲೋಟಕ್ಕಾಗುವ ಕಾಫಿಪುಡಿ, ಮೂರು ಎಸಳು ಬೆಳ್ಳುಳ್ಳಿ, ಗಂಟು ಕಟ್ಟಿದ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹೊತ್ತಿನ ಅಡುಗೆ ಎಣ್ಣೆ ತೂಗುತ್ತಿದ್ದವು. ಹೀಗೆ ಬಿಡಿಬಿಡಿಯಾಗಿ ಕೊಳ್ಳುವವರೇ ಪ್ರತಿ ವಸ್ತುವಿಗೂ ಅನುಕೂಲಸ್ಥರಿಗಿಂತ ಹೆಚ್ಚು ಬೆಲೆ ತೆರುತ್ತಾರೆ. ತಿಂಗಳ ಕೊನೆಗೆ ಐದು ತೆಗೆದುಕೊಂಡು ಆರು ಹಿಂದಿರುಗಿಸುವ ಕೈಸಾಲವೂ ಸೇರುತ್ತದೆ.

ತೀರದಾಚೆ

ಇಬ್ಬರಿಗೂ ಕೃತಜ್ಞತೆಗಳು. ಗ್ಯಾರಂಟಿ ಲೆಟರಿನ ವಿಚಾರ ನನಗೆ ತಿಳಿದೇ ಇರಲಿಲ್ಲ. ವಲಸೆಯ ಕುರಿತ ನನ್ನ ಎರಡನೆಯ ಪ್ರಶ್ನೆ ಹಾಗೆಯೇ ಉಳಿದಿದೆ. ನಮ್ಮಲ್ಲಿರುವ ಹಿರಿಯ ದಾದಿಯೊಬ್ಬರು, ತಮ್ಮ ದೇಶದ ಆಸ್ಪತ್ರೆಗಳಲ್ಲಿಯೇ ದಾದಿಯರ ಕೊರತೆಯಿದೆ ಎಂದು ಹೇಳಿದರು. ಕೊರತೆಯಿದ್ದೂ ಸರ್ಕಾರವೇ ಅವರನ್ನು ಹೊರಗೆ ಕಳುಹಿಸುವುದು ಹೇಗೆ?

ಪ್ರತಿಕ್ರಿಯೆ: ಬಿಳಿ ಸಮವಸ್ತ್ರ

ನಾನು ವೃತ್ತಿಯಿಂದ ದಾದಿ. ಈ ಪ್ರಶ್ನೆ ನನಗೆ ತೀರ ಹತ್ತಿರದ್ದು. ಹಳೆಯ ಕಡತ ಅವರು ವಲಸೆಯನ್ನು ಭೂಮಿಯ ಕಥೆಯ ಕೊನೆಯ ಸಾಲಾಗಿ ಹೇಳಿದ್ದಾರೆ. ಅಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. ಭೂಮಿಯಿಲ್ಲದ ಜನ ಎಷ್ಟೋ ದೇಶಗಳಲ್ಲಿದ್ದಾರೆ, ಆದರೆ ಜನರನ್ನು ಕಳುಹಿಸುವುದನ್ನೇ ಇಷ್ಟು ಕ್ರಮಬದ್ಧವಾದ ಸರ್ಕಾರಿ ಕಾರ್ಯವನ್ನಾಗಿ ಕಟ್ಟಿದ ದೇಶಗಳು ಕಡಿಮೆ. ಇದು ತಾನಾಗಿ ಆದದ್ದಲ್ಲ, ಆಯ್ದುಕೊಂಡ ನೀತಿ. ಸೇನಾಡಳಿತ ಘೋಷಿಸಿದ ಎರಡು ವರ್ಷಗಳಲ್ಲಿ, 1974ರಲ್ಲಿ, ಫರ್ಡಿನೆಂಡ್ ಮಾರ್ಕೋಸ್ ಹೊರಡಿಸಿದ ಕಾರ್ಮಿಕ ಸಂಹಿತೆಯಲ್ಲಿಯೇ ಹೊರನಾಡ ಉದ್ಯೋಗದ ವ್ಯವಸ್ಥೆಯಿತ್ತು. ತೈಲದ ಬೆಲೆ ಏರಿ ಕೊಲ್ಲಿಯಲ್ಲಿ ಕಟ್ಟಡ ಕೆಲಸ ಹೆಚ್ಚಿದ್ದ ಕಾಲ ಅದು. ಮನಿಲಾದಲ್ಲಿ ವಿದೇಶಿ ವಿನಿಮಯಕ್ಕೆ ಬರ, ನಿರುದ್ಯೋಗಿ ಯುವಕರ ಸಿಟ್ಟಿನ ಭಯ. ತಾತ್ಕಾಲಿಕವೆಂದು ಆರಂಭಿಸಿದ ಆ ಏರ್ಪಾಡನ್ನು ಮುಂದೆ ಬಂದ ಯಾವ ಸರ್ಕಾರವೂ ಕೈಬಿಡಲಿಲ್ಲ. 2021ರ ಕೊನೆಯಲ್ಲಿ ವಲಸೆ ಕಾರ್ಮಿಕರಿಗಾಗಿ ಪ್ರತ್ಯೇಕ ಇಲಾಖೆಯನ್ನೇ ಸ್ಥಾಪಿಸುವ ಕಾನೂನು ಬಂದಿತು.

ದಾದಿಯರ ಕಥೆ ಇದಕ್ಕಿಂತ ಹಳೆಯದು. ಅಮೆರಿಕದ ಆಳ್ವಿಕೆಯಲ್ಲಿ ಅಮೆರಿಕದ ಪಠ್ಯಕ್ರಮದಲ್ಲಿ, ಇಂಗ್ಲಿಷಿನಲ್ಲಿ ನರ್ಸಿಂಗ್ ಕಲಿಸಿದ ಕಾರಣ ಅಲ್ಲಿ ಕಲಿತವರು ಅಮೆರಿಕದ ವಾರ್ಡಿಗೆ ನೇರವಾಗಿ ಹೊಂದಿಕೊಳ್ಳುವವರಾಗಿದ್ದರು. ಎರಡನೆಯ ಮಹಾಯುದ್ಧದ ನಂತರ ವಿನಿಮಯ ಕಾರ್ಯಕ್ರಮದ ಹೆಸರಿನಲ್ಲಿ ಅವರು ಹೋಗತೊಡಗಿದರು. ಈ ಶತಮಾನದ ಆರಂಭದಲ್ಲಿ ವೈದ್ಯರೇ ಮತ್ತೆ ನರ್ಸಿಂಗ್ ಓದಿ ವಿಮಾನ ಹತ್ತಿದರು. ಇನ್ನು ಊರಿನಲ್ಲಿ ದಾದಿಯರ ಸ್ಥಿತಿ ಹೇಗಿದೆ ನೋಡಿ. ಸರ್ಕಾರಿ ಆಸ್ಪತ್ರೆಯ ದಾದಿಗೆ ಇಂತಿಷ್ಟು ಶ್ರೇಣಿಯ ಸಂಬಳ ಕೊಡಬೇಕೆಂದು 2002ರ ನರ್ಸಿಂಗ್ ಕಾನೂನು ಹೇಳಿತು. ಸರ್ವೋಚ್ಚ ನ್ಯಾಯಾಲಯ ಆ ನಿಯಮವನ್ನು ಎತ್ತಿಹಿಡಿದ ಮೇಲೆ ಅದು ಜಾರಿಯಾದದ್ದು 2020ರಲ್ಲಿ. ಖಾಸಗಿ ಆಸ್ಪತ್ರೆಗಳಿಗೆ ಅದು ಅನ್ವಯಿಸುವುದೇ ಇಲ್ಲ. ಅದೇ 2020ರಲ್ಲಿ ಕೋವಿಡ್ ಬಂದಾಗ ಸರ್ಕಾರ ದಾದಿಯರು ದೇಶ ಬಿಟ್ಟು ಹೋಗದಂತೆ ತಡೆದು, ಆಮೇಲೆ ವರ್ಷಕ್ಕೆ ಇಷ್ಟೇ ಜನ ಹೋಗಬಹುದೆಂದು ಮಿತಿ ಹಾಕಿತು. ಹದಿನೆಂಟು ವರ್ಷ ಆ ಶ್ರೇಣಿಯ ಸಂಬಳ ಕೊಡದೆ, ಬೇಕಾದಾಗ ಮಾತ್ರ ದೇಶಸೇವೆಯ ನೆನಪು ಮಾಡಿಸಿದರೆ ಯಾವ ದಾದಿಗಾದರೂ ಹೇಗನಿಸಬೇಕು? ಆದ್ದರಿಂದ ತಮ್ಮ ಪ್ರಶ್ನೆಗೆ ನನ್ನ ಉತ್ತರವಿಷ್ಟು: ಅಲ್ಲಿರುವುದು ದಾದಿಯರ ಕೊರತೆಯಲ್ಲ, ದಾದಿಗೆ ತಕ್ಕ ಹುದ್ದೆ ಮತ್ತು ಸಂಬಳದ ಕೊರತೆ. ಪರೀಕ್ಷೆ ಪಾಸಾದ ಎಷ್ಟೋ ಮಂದಿ ಊರಿನಲ್ಲಿಯೇ ಇದ್ದಾರೆ, ರಾತ್ರಿಪಾಳಿ ಅವರು ಹೇಳಿದ ಕಾಲ್ ಸೆಂಟರುಗಳಲ್ಲಿ.

ಮನೆಗೆಲಸಕ್ಕೆ ಹೋಗುವ ಹೆಂಗಸರ ಪಾಡು ಇದಕ್ಕಿಂತ ಕಠಿಣ. ಸಿಂಗಪುರದಲ್ಲಿ ಕೊಲೆಯ ಆರೋಪದ ಮೇಲೆ ಫಿಲಿಪಿನೋ ಮನೆಗೆಲಸದಾಕೆಯೊಬ್ಬರನ್ನು 1995ರ ಮಾರ್ಚಿನಲ್ಲಿ ಗಲ್ಲಿಗೇರಿಸಿದಾಗ ಇಡೀ ದೇಶ ಬೀದಿಗಿಳಿಯಿತು, ವಲಸೆ ಕಾರ್ಮಿಕರ ರಕ್ಷಣೆಯ ಕಾನೂನು ಅದೇ ವರ್ಷ ಬಂದಿತು. 2018ರಲ್ಲಿ ಕುವೈತಿನ ಮನೆಯೊಂದರ ಶೈತ್ಯಪೆಟ್ಟಿಗೆಯಲ್ಲಿ ಇನ್ನೊಬ್ಬ ಯುವತಿಯ ಶವ ಸಿಕ್ಕಾಗ ಕೆಲವು ತಿಂಗಳು ಅಲ್ಲಿಗೆ ಕಾರ್ಮಿಕರನ್ನು ಕಳುಹಿಸುವುದನ್ನು ನಿಲ್ಲಿಸಿದರು. ಮನೆಗೆಲಸದವರಿಂದ ಏಜೆಂಟರು ಶುಲ್ಕ ಪಡೆಯಕೂಡದೆಂಬ ನಿಯಮವಿದೆ, ಆದರೂ ತರಬೇತಿ, ವೈದ್ಯಕೀಯ ತಪಾಸಣೆ ಎಂಬ ಬೇರೆ ಬೇರೆ ಹೆಸರಿನಲ್ಲಿ ಸಾಲ ಹೊರಿಸುವುದು ನಿಂತಿಲ್ಲ. ನನ್ನ ಜೊತೆ ಒಂದೇ ಕೊಠಡಿಯಲ್ಲಿದ್ದ ಫಿಲಿಪಿನೋ ಸಹೋದ್ಯೋಗಿ ಊರಿಗೆ ಕಳುಹಿಸುವ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಮಂಚದ ಕೆಳಗೆ ತಿಂಗಳುಗಟ್ಟಲೆ ಇಟ್ಟುಕೊಂಡು, ಸೋಪು, ಡಬ್ಬಿಯ ಮಾಂಸ, ಚಾಕಲೇಟು, ಮಕ್ಕಳ ಬೂಟುಗಳನ್ನು ಒಂದೊಂದಾಗಿ ತುಂಬುತ್ತಿದ್ದರು. ಬೂಟಿನ ಅಳತೆಗಾಗಿ ಅವರ ತಾಯಿ ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಫೋಟೊ ಕಳುಹಿಸುತ್ತಿದ್ದರು. ಪೆಟ್ಟಿಗೆ ಹಡಗಿನಲ್ಲಿ ತಲಪುವಷ್ಟರಲ್ಲಿ ಪಾದ ಬೆಳೆದಿರುತ್ತದೆಂದು ಇವರು ಪ್ರತಿ ಸಲವೂ ಒಂದು ಅಳತೆ ದೊಡ್ಡದನ್ನೇ ಕೊಳ್ಳುತ್ತಿದ್ದರು. ಇಂಥವರನ್ನು ಹೊಸ ವೀರರು ಎಂದು 1980ರ ದಶಕದಿಂದಲೂ ಅಧ್ಯಕ್ಷರುಗಳು ಹೊಗಳುತ್ತ ಬಂದಿದ್ದಾರೆ. ಅವರಿಗೆ ಬೇಕಾದದ್ದು ಆ ಬಿರುದಲ್ಲ, ಮಕ್ಕಳು ಬೆಳೆಯುವುದನ್ನು ಕಾಣಲು ಸಾಧ್ಯವಾಗುವಂತಹ ಒಂದು ಸಂಬಳ.

ಕಾರಣವೋ ಪರಿಣಾಮವೋ ಎಂದು ಕೇಳಿದ್ದೀರಿ. ಪರಿಣಾಮವಾಗಿ ಆರಂಭವಾದದ್ದು ಈಗ ಕಾರಣವೂ ಆಗಿದೆ. ಹೊರಗಿನಿಂದ ಬರುವ ಹಣ ದೇಶದ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಹನ್ನೆರಡನೆಯ ಒಂದು ಭಾಗಕ್ಕೆ ಸಮ. ಆ ಹಣ ಅಂಗಡಿಗಳನ್ನೂ ಶಾಲೆಯ ಶುಲ್ಕವನ್ನೂ ನಡೆಸುತ್ತಿರುವವರೆಗೆ, ಊರಿನಲ್ಲಿ ಉದ್ಯೋಗ ಸೃಷ್ಟಿಸದೆ ಇದ್ದರೂ ಸರ್ಕಾರ ಬೀಳುವುದಿಲ್ಲ.

ಪ್ರತಿಕ್ರಿಯೆ: ದಕ್ಷಿಣ ದ್ವೀಪ

ಚರ್ಚೆ ಪೂರ್ತಿಯಾಗಿ ಮನಿಲಾ ಮತ್ತು ಲೂಸೋನ್ ಸುತ್ತಲೇ ಸಾಗಿದೆ. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ, ನೂರಕ್ಕೂ ಮೀರಿದ ಭಾಷೆಗಳ ದೇಶವಿದು. ದಕ್ಷಿಣದ ಮಿಂದನಾವೊ ದ್ವೀಪದ ಮುಸ್ಲಿಂ ಸಮುದಾಯಗಳು ಸ್ಪೇನಿಗೆ ಎಂದೂ ಪೂರ್ಣವಾಗಿ ಮಣಿದವರಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಉತ್ತರದ ಭೂರಹಿತರನ್ನು ಸರ್ಕಾರವೇ ಅಲ್ಲಿಗೆ ತಂದು ನೆಲೆಗೊಳಿಸಿತು. ಒಂದೆಡೆಯ ಭೂಮಿಯ ಹಸಿವು ಇನ್ನೊಂದೆಡೆ ಯುದ್ಧವಾಯಿತು. ದಶಕಗಳ ಸಂಘರ್ಷದ ನಂತರ 2014ರ ಒಪ್ಪಂದ, 2018ರ ಕಾನೂನು, 2019ರ ಜನಮತಗಣನೆಗಳ ಮೂಲಕ ಬಂಗ್ಸಮೊರೊ ಸ್ವಾಯತ್ತ ಪ್ರದೇಶ ರೂಪುಗೊಂಡಿದೆ. ಇದರ ನಡುವೆಯೇ, 2017ರಲ್ಲಿ, ಉಗ್ರರಿಗೂ ಸೇನೆಗೂ ಐದು ತಿಂಗಳು ನಡೆದ ಕಾಳಗದಲ್ಲಿ ಮರಾವಿ ನಗರದ ನಡುಭಾಗ ನೆಲಸಮವಾಯಿತು.

ಚಂಡಮಾರುತದ ವಿಚಾರವನ್ನು ಯಾರೂ ಎತ್ತದಿರುವುದು ಆಶ್ಚರ್ಯ. ವರ್ಷಕ್ಕೆ ಸುಮಾರು ಇಪ್ಪತ್ತು ಚಂಡಮಾರುತಗಳು ಆ ಸಮುದ್ರಕ್ಕೆ ಬರುತ್ತವೆ. 2013ರ ನವೆಂಬರ್ 8ರಂದು ‘ಯೊಲಾಂಡಾ’ ತಕ್ಲೋಬಾನ್ ನಗರದ ಮೇಲೆ ಸಮುದ್ರವನ್ನೇ ಎತ್ತಿ ತಂದಿತು, ದೇಶದಲ್ಲಿ ಒಟ್ಟು ಆರು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದಿತು. ಅಂತಹ ಪ್ರತಿ ಆಪತ್ತಿನ ನಂತರ ನೆರೆನೀರಿನಲ್ಲಿ ನಿಂತು ನಗುವ ಫಿಲಿಪಿನೋಗಳ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ, ಅವರ ಸಹನೆಯ ಗುಣಗಾನ ನಡೆಯುತ್ತದೆ. ಆ ಹೊಗಳಿಕೆ ಸಾಕು ಎಂದು ಅಲ್ಲಿಯ ಯುವಜನರು ಈಗ ಬಹಿರಂಗವಾಗಿಯೇ ಹೇಳುತ್ತಿದ್ದಾರೆ. ನೆರೆ ತಡೆಯುವ ಕಾಮಗಾರಿಗಳಿಗೆ 2022ರ ನಂತರ ಮಂಜೂರಾದದ್ದು ಸುಮಾರು 54,500 ಕೋಟಿ ಪೆಸೊ ಎಂದೂ, ಅದರಲ್ಲಿ ಐದನೆಯ ಒಂದು ಭಾಗ ಕೇವಲ ಹದಿನೈದು ಗುತ್ತಿಗೆದಾರರ ಪಾಲಾಗಿದೆ ಎಂದೂ 2025ರ ಆಗಸ್ಟಿನಲ್ಲಿ ಅಧ್ಯಕ್ಷರೇ ಪ್ರಕಟಿಸಿದರು. ಬುಲಕಾನ್ ಪ್ರಾಂತ್ಯದಲ್ಲಿ ಕಾಗದದ ಮೇಲೆ ಮುಗಿದಿದ್ದ ತಡೆಗೋಡೆಗಳು ನೆಲದ ಮೇಲೆ ಇರಲೇ ಇಲ್ಲ. ಸೇನಾಡಳಿತ ಘೋಷಣೆಯ ವಾರ್ಷಿಕ ದಿನವಾದ ಸೆಪ್ಟೆಂಬರ್ 21ರಂದು ವಿದ್ಯಾರ್ಥಿಗಳು, ಚರ್ಚಿನವರು, ಕಾರ್ಮಿಕರು ಮನಿಲಾದ ಲುನೆತಾ ಉದ್ಯಾನದಲ್ಲಿಯೂ ಎಡ್ಸಾ ಹೆದ್ದಾರಿಯಲ್ಲಿಯೂ ಸಾವಿರ ಸಾವಿರ ಸಂಖ್ಯೆಯಲ್ಲಿ ಸೇರಿದರು. ಸಹನೆಯೇ ಅವರ ಹುಟ್ಟುಗುಣವಾಗಿದ್ದರೆ ಆ ಜನಸಾಗರ ಎಲ್ಲಿಂದ ಬಂತು ಎಂದು ತಮ್ಮ ಪರಿಚಿತರನ್ನು ಕೇಳಬಹುದು.

ಪ್ರತಿಕ್ರಿಯೆ: ಹಳೆಯ ಕಡತ

ವಲಸೆಯ ಕುರಿತು ಬಿಳಿ ಸಮವಸ್ತ್ರ ಅವರು ಮಾಡಿದ ತಿದ್ದುಪಡಿ ಸರಿಯಾದುದು. 1974ರ ನೀತಿಯನ್ನು ಭೂಮಿಯ ಕಥೆಗೆ ಪೂರ್ತಿಯಾಗಿ ಅಡಕಗೊಳಿಸಲಾಗದು.

ರಾಜಕೀಯ ಕುಟುಂಬಗಳ ಬಗೆಗೆ ಇನ್ನೊಂದು ಅಂಶ ಉಳಿದಿದೆ. 1987ರ ಸಂವಿಧಾನವು ರಾಜಕೀಯ ವಂಶಾಡಳಿತವನ್ನು ನಿಷೇಧಿಸುತ್ತದೆ, ಆದರೆ ಅದರ ವ್ಯಾಖ್ಯೆಯನ್ನು ಸಂಸತ್ತು ಮಾಡಬೇಕಾದ ಕಾನೂನಿಗೆ ಬಿಟ್ಟಿದೆ. ಆ ಕುಟುಂಬಗಳೇ ತುಂಬಿರುವ ಸಂಸತ್ತು ತಲೆಮಾರು ಕಳೆದರೂ ಅದನ್ನು ಮಾಡದೆ ಉಳಿಸಿಕೊಂಡು ಬಂದಿತು. 2025ರ ಚುನಾವಣೆಯ ನಂತರ 24 ಮಂದಿಯ ಸೆನೆಟ್ಟಿನಲ್ಲಿ ನಾಲ್ಕು ಜೋಡಿ ಒಡಹುಟ್ಟಿದವರು ಕುಳಿತರು. ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ನಡೆದ ಹತ್ಯೆಗಳ ಸಂಬಂಧ ಆ ವರ್ಷದ ಮಾರ್ಚಿನಲ್ಲಿ ಬಂಧಿತರಾಗಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವಿರುವ ಹೇಗ್ ನಗರಕ್ಕೆ ಒಯ್ಯಲ್ಪಟ್ಟ ಡುಟೆರ್ಟೆ, ಅಲ್ಲಿಯ ಸೆರೆಯಲ್ಲಿದ್ದುಕೊಂಡೇ ಮೇ ತಿಂಗಳಲ್ಲಿ ದಾವಾವೊ ನಗರದ ಮೇಯರ್ ಆಗಿ ಆಯ್ಕೆಯಾದರು.

ಆದರೂ ಒಂದು ಬಿರುಕು ಕಾಣುತ್ತದೆ. ಪ್ರತಿ ಬರಂಗಾಯಿಯಲ್ಲಿ ಯುವಜನರದೇ ಆದ ಚುನಾಯಿತ ಮಂಡಳಿಯಿದೆ. 2016ರ ಸುಧಾರಣಾ ಕಾನೂನಿನಂತೆ, ಅಧಿಕಾರದಲ್ಲಿರುವ ಚುನಾಯಿತ ಪ್ರತಿನಿಧಿಗಳ ಹತ್ತಿರದ ರಕ್ತಸಂಬಂಧಿಗಳು ಆ ಮಂಡಳಿಗೆ ಸ್ಪರ್ಧಿಸುವಂತಿಲ್ಲ. ವಂಶಾಡಳಿತಕ್ಕೆ ತಡೆ ಹಾಕಿದ ಮೊದಲ ಕಾನೂನು ಅದು. ಅತ್ಯಂತ ಕೆಳಗಿನ, ಅಧಿಕಾರ ಅತ್ಯಂತ ಕಡಿಮೆಯಿರುವ ಹಂತಕ್ಕೆ ಮಾತ್ರ ಅನ್ವಯಿಸಿದರೂ, ವ್ಯಾಖ್ಯೆ ಮಾಡಲು ಸಾಧ್ಯವೇ ಇಲ್ಲ ಎಂಬ ಸಂಸತ್ತಿನ ನೆಪವನ್ನು ಆ ಒಂದು ಕಾನೂನೇ ಸುಳ್ಳಾಗಿಸಿದೆ. ಅದೇ ವ್ಯಾಖ್ಯೆಯನ್ನು ಮೇಯರ್, ಗವರ್ನರ್ ಮತ್ತು ಸಂಸತ್ ಸ್ಥಾನಗಳಿಗೂ ವಿಸ್ತರಿಸಬೇಕೆಂಬುದು ಅಲ್ಲಿಯ ಸುಧಾರಣಾವಾದಿಗಳ ಇಂದಿನ ಬೇಡಿಕೆ.